ಬೆಡ್‌ಶೀಟಿನ ಆ ತುದಿ

ನಮ್ಮದು ಮತ್ತು ಆಚೆಯದು, ಈ ಎರಡು ದ್ವೀಪ ದೇಶಗಳಲ್ಲಿ ಎಲ್ಲಿ ಬದುಕು ಚೆನ್ನಾಗಿದೆ, ಹೋಲಿಸಿ ಬರೆಯಿರಿ ಎಂದು ಕಾಲೇಜಿನಲ್ಲಿ ಪ್ರಾಜೆಕ್ಟ್ ಕೊಟ್ಟಾಗ ಉಳಿದವರೆಲ್ಲ ಇಂಟರ್ನೆಟ್ ಹುಡುಕಲು ಓಡಿದರು, ನಾನು ಸೀದಾ ಮನೆಗೆ ಓಡಿದೆ, ಏಕೆಂದರೆ ನಮ್ಮ ಇಸ್ತ್ರಿ ಅತ್ತೆ ಎರಡರಲ್ಲೂ ಬದುಕಿದವಳು. ಅಪ್ಪನ ತಂಗಿ. ಆಚೆ ದ್ವೀಪದ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ಬೆಡ್‌ಶೀಟು ಇಸ್ತ್ರಿ ಮಾಡಿ, ಹೋದ ವರ್ಷ ರಜೆಗೆಂದು ಬಂದವಳು ಇನ್ನೂ ವಾಪಸ್ ಹೋಗಿಲ್ಲ. ಶನಿವಾರದೊಳಗೆ ಹೋಗದಿದ್ದರೆ ಅಲ್ಲಿನ ಪರ್ಮಿಟ್ ರದ್ದು, ಮತ್ತೆಂದೂ ಸಿಗುವುದಿಲ್ಲ. ಅಂದು ಮಂಗಳವಾರ, ಅವಳು ವಾಪಸಾಗುವ ಫಾರಂ ಮುಟ್ಟಿಯೂ ಇರಲಿಲ್ಲ.

ನಾನು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು ಕೂತೆ.

"ನೀರು?"

"ಅಲ್ಲಿ ಯಾವಾಗ ತಿರುಗಿಸಿದ್ರೂ ಬರತ್ತೆ. ಇಲ್ಲಿ ನಿಮ್ಮಮ್ಮ ನಲ್ಲಿ ಮುಂದೆ ತಪಸ್ಸಿಗೆ ಕೂರ್ತಾರೆ."

"ಕೇಳಿಸ್ತಿದೆ ನಂಗೆ," ಎಂದಳು ಅಮ್ಮ ಅಡುಗೆಮನೆಯಿಂದ.

"ಅಕ್ಕಪಕ್ಕದೋರು?"

"ಅಲ್ಲಿ ಯಾರೂ ತಲೆ ಹಾಕಲ್ಲ. ಇಲ್ಲಿ ಹಾಕಿದ ತಲೆ ತೆಗೆಯೋದೇ ಇಲ್ಲ."

ಬಸ್ಸು, ಕರೆಂಟು, ಫುಟ್‌ಪಾತು, ಎಲ್ಲ ಕೇಳಿದೆ. ನನಗಂತೂ ಖುಷಿಯೋ ಖುಷಿ. ಆಚೆ ದ್ವೀಪಕ್ಕೆ ಒಂಬತ್ತು ಅಂಕ, ನಮ್ಮದಕ್ಕೆ ಎರಡು.

"ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ ಅತ್ತೆ?"

"ಹತ್ತಿರ ಹೋದ್ರೂ ನುಣ್ಣಗೇ ಇತ್ತು ಕಣೇ. ಅದಕ್ಕೇ ಹೆದರಿಕೆ."

"ಆಂಬುಲೆನ್ಸು?" ಎಂದು ನಾನು ಕೇಳಿದ್ದೇ ತಡ, ಅವಳು ಎದ್ದು ಒಣಗಿದ ಬಟ್ಟೆಯ ಬುಟ್ಟಿಯಿಂದ ಒಂದು ಬೆಡ್‌ಶೀಟು ತೆಗೆದು, ಎರಡು ಮೂಲೆ ಹಿಡಿದು, ಬರಿಯ ಗೋಡೆಗೆ ಮುಖ ಮಾಡಿ ಕಾಯುತ್ತ ನಿಂತಳು. ಬಂದಾಗಿನಿಂದಲೂ ಹೀಗೇ. ನಾವು ಅದನ್ನು ಕೆಲಸದ ಅಭ್ಯಾಸ ಎಂದುಕೊಂಡಿದ್ದೆವು. ನಾನು ಹೋಗಿ ಆ ತುದಿ ಹಿಡಿದೆ. ಅವಳು ನೋಡಿದ್ದು ನನ್ನನ್ನಲ್ಲ, ನನ್ನ ತಲೆಗಿಂತ ಒಂದು ಗೇಣು ಮೇಲೆ.

"ನಾಲ್ಕೇ ನಿಮಿಷಕ್ಕೆ ಬಂತು," ಎಂದಳು. "ನನ್ನೆದುರು ಹನ್ನೊಂದು ವರ್ಷ ಆ ತುದಿ ಹಿಡಿದೋಳು ಉದ್ದಕ್ಕ. ಅಷ್ಟು ಎತ್ತರ ಇದ್ಲು, ಅದಕ್ಕೇ ಆ ಹೆಸರು. ಒಂದಿನ ಮಡಚ್ತಾ ಮಡಚ್ತಾನೇ ಬಿದ್ಲು, ಎದೆ ನಿಂತೋಯ್ತು. ಆಂಬುಲೆನ್ಸ್ ಬಂತು, ಒಯ್ದ್ರು, ನೆಲ ಒರೆಸಿದ್ರು. ಅರ್ಧ ಗಂಟೇಲಿ ಇನ್ನೊಬ್ಬಳು ಬಂದು ನಿಂತ್ಲು, ಎದೆ ಮೇಲೆ ಉದ್ದಕ್ಕನದೇ ಹದಿನಾಲ್ಕನೇ ನಂಬರಿನ ಬಿಲ್ಲೆ. ಯಾರೂ ಉದ್ದಕ್ಕನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಸಂಜೆವರೆಗೂ ಮಡಚ್ದೆ."

"ಆಮೇಲೆ?"

"ಮಡಚೋ ಮುಂಚೆ ಸುಕ್ಕು ಬಿಡಿಸೋಕೆ ಉದ್ದಕ್ಕ ಶೀಟನ್ನ ಎರಡು ಸಲ ಜಗ್ಗೋಳು, ಹೊಸಬಳು ಒಂದೇ ಸಲ. ಆದ್ರೆ ನನ್ನ ಕೈಗೆ ದಿನಾ ಎರಡು ಸಲಾನೇ ಗೊತ್ತಾಗ್ತಿತ್ತು. ಹೆದರಿ ಇಲ್ಲಿಗೆ ಓಡಿ ಬಂದೆ. ಇಲ್ಲಿ ಎಷ್ಟು ಕಾದ್ರೂ ಯಾರೂ ಜಗ್ಗಲ್ಲ."

ಕೈಯಲ್ಲಿದ್ದ ತುದಿಯನ್ನು ಎಳೆಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಅಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಒಳ್ಳೇದೇ ಆಯ್ತಲ್ಲ. ಪೀಡೆ ಅಲ್ಲೇ ಉಳೀತು. ನೀನು ಇಲ್ಲಿರು."

"ಅದೇ ಯೋಚನೆ ಅತ್ತಿಗೆ. ಅಲ್ಲಿ ಅವಳಿಗೆ ಯಾರಿದ್ದಾರೆ?"

"ಸತ್ತವಳಿಗೆ ಜೊತೆ ಕೊಡೋಕೆ ಸಮುದ್ರ ದಾಟ್ತೀಯಾ? ತಲೆ ನೆಟ್ಟಗಿದೆಯಾ?"

ಅತ್ತೆ ತನ್ನ ಕೈಯಲ್ಲಿದ್ದ ಮೂಲೆಗಳನ್ನು ನೋಡಿದಳು. "ಅವಳು ಬೀಳೋವಾಗ, ಶೀಟು ನೆಲಕ್ಕೆ ತಾಗಿ ಕೊಳೆ ಆಗತ್ತೆ ಅಂತ ನನ್ನ ಕೈ ಶೀಟನ್ನ ಎತ್ತಿ ಹಿಡೀತು ಅತ್ತಿಗೆ. ಅವಳನ್ನ ಹಿಡೀಲಿಲ್ಲ."

ಅತ್ತೆ ಟ್ರಂಕಿನಿಂದ ಫಾರಂ ತೆಗೆದು ನನ್ನ ಮುಂದಿಟ್ಟಳು. ವಾಪಸಾಗಲು ಕಾರಣ: ಉದ್ಯೋಗ, ಚಿಕಿತ್ಸೆ, ಉತ್ತಮ ಜೀವನ, ಕುಟುಂಬ. ನಾನು ಮೂರನೆಯದಕ್ಕೆ ಪೆನ್ನು ಒಯ್ದೆ.

"ಅದಲ್ಲ. ಕೊನೇದು."

"ಅಲ್ಲಿರೋರ ಹೆಸರು ಕೇಳಿದ್ದಾರೆ ಅತ್ತೆ."

ಅವಳು ಉದ್ದಕ್ಕನ ನಿಜವಾದ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿದಳು, ನಾನು ಬರೆದೆ. ಪಕ್ಕದ ಖಾನೆಯಲ್ಲಿ 'ಸಂಬಂಧ' ಎಂದಿತ್ತು. ನಾನು ತಲೆ ಎತ್ತಿ ಅತ್ತೆಯನ್ನು ನೋಡಿದೆ, ಅವಳು ನೆಲ ನೋಡುತ್ತಿದ್ದಳು.

"ಅಕ್ಕ ಅಂತ ಬರಿ," ಎಂದಳು ಬಾಗಿಲಲ್ಲಿದ್ದ ಅಮ್ಮ.