ಮೊದಲಿನ ಮೂರು ಯಾಕೆ ಚೆನ್ನಾಗಿದ್ದವು

"ಈ ಸೂಪರ್‌ಹೀರೋನ ನಾಲ್ಕನೇ ಸಿನಿಮಾ ಬರೀ ಗೋಳು ಮಾರಾಯ. ಇದೇ ಟಾಕೀಸಿನಾಗ ನೋಡಿದ ಮೊದಲಿನ ಮೂರು ಹೆಂಗೆ ಸರಸರ ಓಡ್ತಿದ್ವು!" ಹರಿಹರದ ಟಾಕೀಸಿನಿಂದ ಹೊರಬೀಳುತ್ತ ಗೆಳೆಯ ಬಷೀರನಿಗೆ ಹೇಳಿದೆ. ಬೆಳಗಿನ ಆಟಕ್ಕೆ ನಮ್ಮನ್ನೂ ಸೇರಿ ಒಂಬತ್ತೇ ಜನ. ಇದಕ್ಕಾಗಿ ದಾವಣಗೆರೆಯಿಂದ ಬಸ್ಸು ಹತ್ತಿ ಬಂದೆವಲ್ಲ ಅಂತ ಸಿಟ್ಟು.

ಬಾಗಿಲಲ್ಲಿ ನಿಂತಿದ್ದ ಸಿನಿಮಾ ಓಡಿಸುವ ವಯಸ್ಸಾದ ಆಪರೇಟರ್ ನಕ್ಕರು. "ಆವಾಗ ಮುಂದಿನ ಆಟಕ್ಕೆ ಜನ ಗೇಟು ಬಡೀತಿದ್ರು ರೀ. ಅದಕ್ಕೇ ಬರೀ ಮಾತಿರೋ ರೀಲು ಬಿಟ್ಟು ಲಗೂನ ಮುಗಿಸ್ತಿದ್ದೆ."

"ಇದರಾಗೂ ಬಿಡಬೇಕಿತ್ತಲ್ರಿ?" ಅಂದೆ.

"ಯಾರಿಗೋಸ್ಕರ ಅವಸರ ಮಾಡ್ಲಿ?"

ಗೇಟಿನ ಕಡೆ ನೋಡಿದೆ. ಒಬ್ಬರೂ ಇರಲಿಲ್ಲ. ಇಷ್ಟು ವರ್ಷ ನಾನು ಹೊಗಳಿದ ಆ ವೇಗ, ಗೇಟು ಬಡಿಯುತ್ತಿದ್ದವರು ಕೊಟ್ಟದ್ದು. ಅವರೇ ಇಲ್ಲದ ಮೇಲೆ ಎಂಥ ಐದನೇ ಭಾಗ ಬಂದರೂ ಮೊದಲಿನವುಗಳ ಸಮಕ್ಕೆ ನಿಲ್ಲುವುದಿಲ್ಲ.