ಡಿಕ್ಕಿಯೊಳಗಿನ ಗಾಳಿ

ನಾಲ್ಕು ಹೊಸ ಚಕ್ರ ಹಾಕಿಸಿದ ಮೇಲೆ ನಮ್ಮ ಗಾಡಿ ಬಹಳ ಗುಣವಂತ ಗಾಡಿಯಾಗಿಬಿಟ್ಟಿತು. ಮೊದಲು ಅದಕ್ಕೆ ನೂರೆಂಟು ತಕರಾರು. ಬೆಳಿಗ್ಗೆ ಒಂದು ಚಕ್ರದಲ್ಲಿ ಮೂವತ್ತೊಂದು, ಇನ್ನೊಂದರಲ್ಲಿ ಮೂವತ್ಮೂರು, ಬಿಸಿಲೇರಿದರೆ ಎಲ್ಲವೂ ಮೂವತ್ತೈದರ ಮೇಲೆ. ಪ್ರತಿ ಚಕ್ರದ ಒಳಗೆ, ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದು ಟೈರಿನ ಗಾಳಿಯನ್ನು ಅಳೆದು ಸ್ಟೇರಿಂಗಿನ ಹಿಂದಿನ ಪರದೆಗೆ ಕಳಿಸುತ್ತದೆ. ಗಾಳಿ ಇಳಿದರೆ ಹಳದಿ ದೀಪ ಹತ್ತುತ್ತದೆ. ನನ್ನ ಗಂಡ ಆ ಅಂಕಿಗಳನ್ನು ಮಕ್ಕಳ ಜ್ವರ ನೋಡಿದ ಹಾಗೆ ನೋಡುತ್ತಿದ್ದರು. ಹೊಸ ಚಕ್ರ ಬಂದ ಮೇಲೆ ನಾಲ್ಕೂ ಕಡೆ ಮೂವತ್ಮೂರು. ವಿಶ್ರಾಮಬಾಗದ ಮನೆಯ ನೆರಳಲ್ಲೂ ಮೂವತ್ಮೂರು, ಖಂಡೇರಾಜುರಿಯ ತೋಟದ ಬಿಸಿಲಲ್ಲೂ ಮೂವತ್ಮೂರು. ಇಂಥ ಚಕ್ರ ಮೊದಲೇ ಸಿಕ್ಕಿದ್ದರೆ ಅವರಿಗೆ ಎಷ್ಟು ನೆಮ್ಮದಿ ಇರುತ್ತಿತ್ತು ಎಂದುಕೊಂಡೆ.

ಅವರು ಹೋಗಿ ಆಗ ವರ್ಷವಾಗುತ್ತ ಬಂದಿತ್ತು. ಸಾಂಗ್ಲಿ ಪೇಟೆಯಲ್ಲಿ ನಮ್ಮದು ಅರಿಶಿನದ ವ್ಯಾಪಾರ. ಮೈಯೆಲ್ಲ ಹಳದಿ ಮಾಡಿಕೊಂಡು ಮನೆಗೆ ಬರುತ್ತಿದ್ದ ಮನುಷ್ಯ ಮಿರಜದ ಒಂದು ಆಸ್ಪತ್ರೆಯಲ್ಲಿ ಬಿಳಿ ಹಾಸಿಗೆಯ ಮೇಲೆ ಹೋದರು. ಅವರು ಹೋದಾಗ ನಾನು ಪಕ್ಕದಲ್ಲಿರಲಿಲ್ಲ. ಬಟ್ಟೆ ಬದಲಾಯಿಸಲೆಂದು ಮನೆಗೆ ಬಂದಿದ್ದೆ. ಮೈದುನ ಬಂದು ಕರೆದುಕೊಂಡು ಹೊರಟ, ದಾರಿಯಲ್ಲಿ ಅವರಿಗೆ ಎಳನೀರು ಕೊಳ್ಳಲೆಂದು ನಾನೇ ಗಾಡಿ ನಿಲ್ಲಿಸಲು ಹೇಳಿದೆ, ಹೋಗಿ ಮುಟ್ಟುವುದರೊಳಗೆ ಮುಗಿದಿತ್ತು. "ಈಗ, ಈಗ ಹೋದ್ರು" ಎಂದು ಎಲ್ಲರೂ ಹೇಳಿದರು. ನನ್ನಿಂದ ಗಾಡಿ ನಿಂತ ಆ ಸ್ವಲ್ಪ ಹೊತ್ತಿನಲ್ಲೇ ಅವರು ಹೋದದ್ದು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದನ್ನು ಯಾರಿಗೂ ಹೇಳಲಿಲ್ಲ, ಅಳಲೂ ಇಲ್ಲ.

ಅಳದ ಹೆಂಗಸನ್ನು ಕಂಡರೆ ಮಂದಿಗೆ ಭಯ. ವಿಭೂತಿ ಹಚ್ಚಿ ಕೂಡಿಸಿದ್ದ ಅವರ ಎದುರಿಗೆ ನನ್ನನ್ನು ಕೂಡಿಸಿ, ಬೆನ್ನ ಮೇಲೆ ಗುದ್ದಿ, "ಅಳವಾ, ಅತ್ತರ ಹಗರಾಗ್ತೈತಿ" ಅಂದರು. ಬರಲಿಲ್ಲ. ಆಮೇಲೆ ಅದೇ ಮಂದಿ "ಭಾಳ ಗಟ್ಟಿ ಹೆಣ್ಮಗಳು" ಎಂದು ಹೊಗಳಿದರು. ಗಟ್ಟಿಯೂ ಇಲ್ಲ, ಮೆತ್ತಗೂ ಇಲ್ಲ. ಊಟ ಮಾಡುತ್ತಿದ್ದೆ, ಖಾರ ಹತ್ತುತ್ತಿರಲಿಲ್ಲ. ಆರಾಮ ಅದೀರೇನ್ರಿ ಎಂದು ಯಾರಾದರೂ ಕೇಳಿದರೆ ಆರಾಮ ರೀ ಎನ್ನುತ್ತಿದ್ದೆ. ಕೇಳುವವರಿಗೂ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

ಒಂದು ಕೆಲಸ ಮಾತ್ರ ಬಿಟ್ಟಿರಲಿಲ್ಲ. ಖಂಡೇರಾಜುರಿಯಲ್ಲಿ ನಮ್ಮದೊಂದು ಸಣ್ಣ ದ್ರಾಕ್ಷಿ ತೋಟ ಇದೆ, ಪಾಲಿಗೆ ಕೊಟ್ಟದ್ದು. ಅವರು ಸೋಮವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದರು. ಆ ಸೋಮವಾರಗಳನ್ನು ನಾನು ಹಿಡಿದುಕೊಂಡೆ. ಗಾಡಿ ಹೊಡೆಯುವುದನ್ನು ಬೈದು ಬೈದು ಕಲಿಸಿದವರೂ ಅವರೇ. ತೋಟಕ್ಕೆ ಹೋಗಿ ನಾನೇನೂ ಮಾಡುವುದಿಲ್ಲ. ಶೆಡ್ಡಿನಲ್ಲಿ ಒಂದಿಷ್ಟು ಕೂತು ವಾಪಸು ಬರುತ್ತೇನೆ. ಹೋಗುವ ದಾರಿ ಮಿರಜದ ಮೇಲೇ ಹಾಯುತ್ತದೆ. ಅವತ್ತು ನಾನು ಗಾಡಿ ನಿಲ್ಲಿಸಲು ಹೇಳಿದ ಎಳನೀರಿನ ಅಂಗಡಿಯೂ ಅದೇ ರಸ್ತೆಗಿದೆ. ಪ್ರತಿ ಸೋಮವಾರ ಅದನ್ನು ನೋಡಿಕೊಂಡೇ ಹೋಗುತ್ತಿದ್ದೆ, ಏನೂ ಅನಿಸುತ್ತಿರಲಿಲ್ಲ.

ಮಳೆಗಾಲದಲ್ಲಿ ಆ ರಸ್ತೆಯ ಒಂದು ಗುಂಡಿಗೆ ಬಿದ್ದು ಚಕ್ರದ ರಿಮ್ಮು ಡೊಂಕಾಯಿತು. ಗಾಳಿ ನಿಲ್ಲದೆ ಹಳದಿ ದೀಪ ಹತ್ತಿತು. ಕೊಲ್ಹಾಪುರಕ್ಕೆ ಕೊಟ್ಟ ಮಗಳು ಸುದ್ದಿ ಕೇಳಿ ಫೋನಿನಲ್ಲೇ ಕೂಗಾಡಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಸಿಟ್ಟು ಬಂದರೆ ಬರುವುದು ಮರಾಠಿ. ಇನ್ನೊಮ್ಮೆ ಆ ದೀಪ ಹತ್ತಿದ್ದು ಗೊತ್ತಾದರೆ ಗಾಡಿ ಮಾರಿಬಿಡುತ್ತೇನೆ, ಆಯೀ, ನಿನ್ನನ್ನೂ ಕಳಕೊಳ್ಳಲಾರೆ ಎಂದಳು. ಆಗಲಿ ಎಂದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ. ಆದರೆ ಆ ಸೋಮವಾರ ತಪ್ಪಿದರೆ ನನಗೆ ವಾರವೇ ಇಲ್ಲ ಎಂಬುದೂ ಗೊತ್ತಿತ್ತು.

ಚಕ್ರ ಬದಲಿಸಲು ಗಾಡಿ ಒಯ್ದವನು ಮೈದುನ. ನನಗಿಂತ ಚಿಕ್ಕವನು, ಆದರೂ ನಮ್ಮಲ್ಲಿ ಭಾವುಜಿ ಎಂದು ಬಹುವಚನದಲ್ಲೇ ಮಾತು. ಅತ್ತಿಗೆಯಾದ ನಾನು ಅವನಿಗೆ ವೈನಿ. ಪೇಟೆಯಲ್ಲಿ ಅವನದು ರೈತರಿಗೆ ಪೈಪು, ಡ್ರಿಪ್ಪು ಮಾರುವ ಅಂಗಡಿ. ನಾಲ್ಕೂ ರಿಮ್ಮು ಹೊಸದು ಹಾಕಿಸಿದ. ಹಳೆಯ ಸೆನ್ಸರ್ ಹೊಸ ರಿಮ್ಮಿನ ತೂತಿಗೆ ಕೂರುವುದಿಲ್ಲ, ಬೇರೆ ತರಿಸಬೇಕು ಎಂದು ಟೈರ್ ಅಂಗಡಿಯವರು ಹೇಳಿದರಂತೆ. ಗಾಡಿ ವಾಪಸು ತಂದಾಗ ಮಾತ್ರ "ಎಲ್ಲಾ ಆತ್ರಿ ವೈನಿ, ಇನ್ನ ದೀಪ ಹತ್ತೂದಿಲ್ಲ" ಎಂದ. ಹೇಗೆ ಎಂದು ನಾನು ಕೇಳಲಿಲ್ಲ. ಅಂದಿನಿಂದ ರವಿವಾರ ಸಂಜೆ ಮನೆಗೆ ಬರತೊಡಗಿದ. ನಾನು ಚಹಾ ಮಾಡುವಷ್ಟರಲ್ಲಿ ಅಂಗಳದಲ್ಲಿ ಗಾಡಿಯ ಸುತ್ತ ಏನೋ ಮಾಡುತ್ತಿರುತ್ತಿದ್ದ. ಅಣ್ಣನ ಗಾಡಿಯ ಮೇಲೆ ಜೀವ ಎಂದುಕೊಂಡೆ.

ದ್ರಾಕ್ಷಿಯ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ಮೇಲಿನ ಒಂದು ಸೋಮವಾರ. ತೋಟದಿಂದ ಹೊರಳಿ ಬರುವಾಗ ಸ್ಟೇರಿಂಗು ಎಡಕ್ಕೆ ಜಗ್ಗತೊಡಗಿತು. ಪರದೆ ನೋಡಿದೆ. ನಾಲ್ಕೂ ಕಡೆ ಮೂವತ್ಮೂರು. ರಸ್ತೆಯೇ ಓರೆ ಇರಬೇಕೆಂದು ಗಟ್ಟಿಯಾಗಿ ಹಿಡಿದು ಹೊಡೆದೆ. ದಡ್ ದಡ್ ಎಂದು ಸಪ್ಪಳ ಬಂತು, ಮತ್ತೆ ಪರದೆ ನೋಡಿದೆ, ಮೂವತ್ಮೂರು. ಕೈ ಹೇಳಿದ್ದನ್ನೂ ಕಿವಿ ಹೇಳಿದ್ದನ್ನೂ ಬಿಟ್ಟು ಪರದೆ ಹೇಳಿದ್ದನ್ನು ನಂಬಿದೆ. ಕೊನೆಗೆ ಕುರಿ ಮೇಯಿಸುತ್ತಿದ್ದ ಒಬ್ಬರು ಕಂಬಳಿ ಬೀಸಿ ನಿಲ್ಲಿಸಿದರು. "ಅಕ್ಕಾರ, ಗಾಲಿ ಪೂರಾ ಕುಂತೈತ್ರಿ, ಕಾಣವಲ್ದೇನು?"

ಇಳಿದು ನೋಡಿದೆ. ಮುಂದಿನ ಎಡಚಕ್ರ ಹಪ್ಪಳವಾಗಿತ್ತು. ಇನ್ನಷ್ಟು ಜೋರಾಗಿ ಹೊಡೆದಿದ್ದರೆ ಗಾಡಿ ಬದುವಿನಾಚೆ ಬೀಳುತ್ತಿತ್ತೇನೋ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಕುರಿಯವರು ಕಂಬಳಿ ಕೆಳಗಿಟ್ಟು ಸಹಾಯಕ್ಕೆ ಬಂದರು. ಸ್ಟೆಪ್ನಿ ತೆಗೆಯಲೆಂದು ಡಿಕ್ಕಿಯ ಚಾಪೆ ಎತ್ತಿದರೆ ಅದರ ಪಕ್ಕ ಮೊಳದುದ್ದದ ದಪ್ಪ ಪ್ಲಾಸ್ಟಿಕ್ ಪೈಪೊಂದು ಸಿಕ್ಕಿಸಿತ್ತು. ಎರಡೂ ಬಾಯಿಗೆ ಮುಚ್ಚಳ ಬಡಿದು ಅಂಟು ಹಚ್ಚಿತ್ತು, ಒಂದು ಮುಚ್ಚಳದ ನಡುವೆ ಟೈರಿಗಿರುವಂಥದೇ ವಾಲ್ವು.

"ಇದೇನ್ರಿ ಇದು?" ಎಂದು ಅವರು ಅಲ್ಲಾಡಿಸಿದರು. ಒಳಗೆ ಏನೋ ಖಡಖಡ ಅಂದಿತು.

"ಗೊತ್ತಿಲ್ಲರಿ" ಎಂದೆ.

ಅವರು ಒಂದು ಕಡ್ಡಿಯಿಂದ ವಾಲ್ವನ್ನು ಒತ್ತಿದರು. ಸುಸ್ಸೆಂದು ಗಾಳಿ ಹೊರಬಿತ್ತು. ಕೂಡಲೇ ಗಾಡಿಯ ಒಳಗಿಂದ ಟಣ್ ಟಣ್ ಎಂದು ಗಂಟೆ. ಕೀಲಿ ತಿರುವಿದ್ದು ಹಾಗೇ ಇತ್ತು. ಬಾಗಿಲಿನಿಂದ ಬಗ್ಗಿ ನೋಡಿದೆ. ನಾಲ್ಕೂ ಅಂಕಿ ಒಟ್ಟಿಗೇ ಇಳಿಯುತ್ತಿದ್ದವು. ಇಪ್ಪತ್ತೇಳು, ಇಪ್ಪತ್ತು, ಹನ್ನೆರಡು. ಹಳದಿ ದೀಪ ಹತ್ತಿತು. ಮೂರು ಟೈರು ಕಲ್ಲಿನಂತೆ ಗಟ್ಟಿಯಾಗಿ ನಿಂತಿದ್ದರೂ ಗಾಡಿ ತನ್ನ ನಾಲ್ಕೂ ಕಾಲು ಹೋದವು ಎಂದು ಬಡಕೊಳ್ಳುತ್ತಿತ್ತು.

ಕುರಿಯವರೂ ಬಗ್ಗಿ ನೋಡಿದರು. "ರಾಕ್ಷಸನ ಜೀವ ಗಿಳಿಯೊಳಗ ಇರ್ತೈತಲ್ರಿ, ಹಂಗ ನಿಮ್ಮ ಗಾಡಿ ಜೀವ ಈ ಪೈಪಿನ್ಯಾಗ ಐತೇನು?" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಮುಚ್ಚಳದ ಸುತ್ತ ಒಂದು ಹನಿಯೂ ಹೊರಚೆಲ್ಲದಂತೆ ಅಂಟು ಹಚ್ಚಿದ ಕೈ ಯಾರದೆಂದು ಗೊತ್ತಾಗಿತ್ತು. ನಮ್ಮ ಮನೆಯ ನಲ್ಲಿಗಳನ್ನೆಲ್ಲ ಜೋಡಿಸಿದ ಕೈ ಅದು. ಹಳೆಯ ನಾಲ್ಕು ಸೆನ್ಸರುಗಳನ್ನು ಪೈಪಿನೊಳಗೆ ಹಾಕಿ, ಗಾಳಿ ತುಂಬಿ ಮುಚ್ಚಿ ಡಿಕ್ಕಿಯಲ್ಲಿ ಮಲಗಿಸಿದ್ದ. ಇಷ್ಟು ದಿನ ನಾನು ನೋಡುತ್ತಿದ್ದುದು ಆ ಪೈಪಿನ ಗಾಳಿಯನ್ನು.

ಸ್ಟೆಪ್ನಿ ಹಾಕಿಕೊಂಡು ಮನೆಗೆ ಬಂದು ಮೈದುನನಿಗೆ ಫೋನು ಮಾಡಿದೆ. ಪೈಪು ಸಿಕ್ಕಿತು ಎಂದಷ್ಟೇ ಹೇಳಿದೆ. "ಹೊಸ ಸೆನ್ಸರ್ ತರಸ್ರಿ ಭಾವುಜಿ. ಹಾಕೂ ದಿನ ನಾನೂ ಬರ್ತೇನಿ" ಎಂದೆ.

ಅವು ಬಂದ ದಿನ ಮಿರಜ ರಸ್ತೆಯ ಟೈರ್ ಅಂಗಡಿಯ ಮುಂದೆ ನಮ್ಮಿಬ್ಬರಿಗೆ ಕುರ್ಚಿ ಹಾಕಿಕೊಟ್ಟರು. ಮೆಕ್ಯಾನಿಕ್ ಒಂದು ಚಕ್ರ ಬಿಚ್ಚಿ, ರಿಮ್ಮಿನಿಂದ ಟೈರು ಸಡಿಲಿಸಿ, ಒಳಗೆ ಸೆನ್ಸರ್ ತಿರುವಿ ಕೂರಿಸಿ, ಮತ್ತೆ ಟೈರು ಏರಿಸಿ ಗಾಳಿ ಹಿಡಿಯುತ್ತಿದ್ದ. ಆಮೇಲೆ ಕೈಯಲ್ಲಿ ಹಿಡಿಯುವ ಒಂದು ಯಂತ್ರವನ್ನು ಚಕ್ರದ ಬಳಿ ಒಯ್ದು, ಇದು ನಿನ್ನದೇ ಎಂದು ಗಾಡಿಗೆ ಗುರುತು ಹೇಳಿಕೊಡುತ್ತಿದ್ದ. ಒಂದು ಚಕ್ರ ಮುಗಿಯುವ ತನಕ ಮೈದುನ ನೆಲ ನೋಡುತ್ತ ಕೂತಿದ್ದ.

"ದೀಪ ಹತ್ತಿದ್ರ ಮಗಳು ಗಾಡಿ ಮಾರಸ್ತಿದ್ಳು ವೈನಿ" ಎಂದ ಕೊನೆಗೆ. "ಸೋಮವಾರ ಒಂದಽ ನೀವು ಮನಿ ಬಿಟ್ಟು ಹೊರಗ ಬೀಳ್ತೀರಿ. ಸೆನ್ಸರ್ ಬರೂತನಕಾ ಇರಲಿ ಅಂತ ಮಾಡಿದ್ದೆ. ಆಮ್ಯಾಲ ನೀವೂ ಆರಾಮ ಇದ್ರಿ, ಹಂಗಽ ಬಿಟ್ಟೆ. ರವಿವಾರಕ್ಕೊಮ್ಮೆ ನಾನಽ ಬಂದು ಗೇಜ್ ಹಚ್ಚಿ ಗಾಳಿ ನೋಡಿ ಹೋಗ್ತಿದ್ದೆ. ಆ ವಾರ ಲಗ್ನಕ್ಕ ಹೋಗಿದ್ದೆ."

ಬೈಯಬೇಕೆಂದು ಬಂದಿದ್ದೆ. ವಾರವಾರ ಅಂಗಳದಲ್ಲಿ ಬಗ್ಗಿ ಬಗ್ಗಿ ಗಾಳಿ ನೋಡಿದ ಮನುಷ್ಯನನ್ನು ಹೇಗೆ ಬೈಯುವುದು? ಸುಮ್ಮನೆ ಚೇಷ್ಟೆಗೆಂಬಂತೆ, "ಮತ್ತ ಏನೇನು ಹಿಂಗ ಮುಚ್ಚಿಟ್ಟೀರಿ ಭಾವುಜಿ?" ಎಂದೆ.

ಅವನ ಮುಖ ಬಿಳಿಚಿತು. ನಕ್ಕು ಮುಗಿಸುವ ಮಾತಿಗೆ ಅವನು ನಗಲಿಲ್ಲ. ಬಹಳ ದಿನಗಳ ಮೇಲೆ ಮೈಯೊಳಗೆ ಏನೋ ಆದದ್ದು ನನಗೇ ತಿಳಿಯಿತು.

ನಮ್ಮ ಕಡೆ ಸಾವಿನ ಸುದ್ದಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸೀರಿಯಸ್ ಐತಿ, ಲಗೂ ಬರ್ರಿ ಎನ್ನುತ್ತಾರೆ. ದಾರಿಯಲ್ಲಿ ಮನುಷ್ಯ ಗಟ್ಟಿ ಇರಲಿ ಎಂದು. ನಾನೂ ಎಷ್ಟೋ ಮಂದಿಗೆ ಹಾಗೆ ಹೇಳಿ ಗಾಡಿ ಹತ್ತಿಸಿದ್ದೇನೆ. ಆದರೆ ತನ್ನ ಪಾಳಿ ಬಂದಾಗ ಯಾರೂ ಅದನ್ನು ನೆನಪು ಮಾಡಿಕೊಳ್ಳುವುದಿಲ್ಲ. ಆ ಮಾತನ್ನು ನಂಬಿ, ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಡುತ್ತಾರೆ.

"ಅವತ್ತ ಸೀರಿಯಸ್ ಐತಿ ಅಂತ ನನ್ನ ಕರ್ಕೊಂಡು ಹೊಂಟ್ರಲ್ಲ" ಎಂದೆ. "ಆಗ ಅವರು ಇದ್ರೇನು?"

ಗಾಳಿ ತುಂಬುವ ಮಷಿನ್ನು ಗುಡುಗುತ್ತಿತ್ತು. ಅದು ನಿಲ್ಲುವ ತನಕ ಮೈದುನ ಕಾದ.

"ಇರಲಿಲ್ಲ ವೈನಿ. ನಿಮ್ಮನ್ನ ಕರೀಲಿಕ್ಕೆ ಬರೂಕಿಂತ ಮೊದಲಽ ಅಣ್ಣ ಹೋಗಿದ್ದ."

"ಎಳನೀರಿಗೆ ನಾ ಗಾಡಿ ನಿಲ್ಲಸ್ರಿ ಅಂದೆ."

"ಅಂದ್ರಿ. ನಿಲ್ಲಿಸಿದೆ. ಅಲ್ಲಿ ಹೇಳಬೇಕಂತ ಬಾಯಿ ತಗದೆ. ಅಷ್ಟರಾಗ ನೀವು ಅಂಗಡಿಯವಗ, ಗಂಜಿ ಇಲ್ಲದ್ದು ಕೊಡಪಾ, ಅವರಿಗೆ ನುಂಗಾಕ ಬರೂದಿಲ್ಲ ಅಂದ್ರಿ. ನನ್ನ ಬಾಯಿಂದ ಮಾತಽ ಬರಲಿಲ್ಲ. ರೊಕ್ಕ ಕೊಟ್ಟು ಬಂದು ಕುಂತೆ."

"ಮತ್ತ ಎಲ್ಲಾರೂ ಈಗಽ ಹೋದ್ರು ಅಂದ್ರಲ್ಲ?"

"ನಾನಽ ಹಂಗ ಹೇಳ್ರಿ ಅಂದಿದ್ದೆ. ಎಲ್ಲಾ ಆದ ಮ್ಯಾಲ ಕರ್ಕೊಂಡು ಬಂದ್ರು ಅಂತ ನಿಮಗ ಅನಸಬಾರದು ಅಂತ."

ಹಾಗಾದರೆ ನಾನು ತಡ ಮಾಡಿರಲಿಲ್ಲ. ಅಂಗಡಿಯ ಮುಂದೆ ನಿಂತು ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿ ನೋಡುತ್ತಿದ್ದಾಗ ಅವರು ನನ್ನ ದಾರಿ ಕಾಯುತ್ತಿರಲಿಲ್ಲ. ವರ್ಷವಿಡೀ ನಾನು ಆ ಅಂಗಡಿಯ ಮುಂದೆಯೇ ನಿಂತಿದ್ದೆ. ಅವರು ಹೋದದ್ದಕ್ಕೆ ಅಳುವ ಹಕ್ಕೂ ನನಗಿಲ್ಲ ಎಂಬಂತೆ ನಿಂತಿದ್ದೆ.

"ಅವತ್ತಽ ಹೇಳಿದ್ರ ಅವತ್ತಽ ಅಳ್ತಿದ್ನಲ್ರಿ ಭಾವುಜಿ" ಎಂದೆ. ಸದ್ದು ಮಾಡಿ, ಬಾಯಿ ತೆರೆದು, ಊರ ಹೆಂಗಸರು ಅಳುವ ಹಾಗೆ ಅತ್ತೆ. ಮೆಕ್ಯಾನಿಕ್ ಚಕ್ರ ಹಿಡಿದುಕೊಂಡೇ ನಿಂತ. ರಸ್ತೆಯಲ್ಲಿ ರಿಕ್ಷಾದವರು ತಿರುಗಿ ನೋಡಿದರು. ಮೈದುನ ಗಡಬಡಿಸಿ ಎದ್ದು, ಮಂದಿಗೆ ನನ್ನ ಮುಖ ಕಾಣಬಾರದೆಂದು ರಸ್ತೆಗೆ ಬೆನ್ನು ಮಾಡಿ ನನ್ನ ಮುಂದೆ ಗೋಡೆಯಂತೆ ನಿಂತ. ಅವನೂ ಅಳುತ್ತಿದ್ದ.

"ಅಡ್ಡ ನಿಲ್ಲಬ್ಯಾಡ್ರಿ ಭಾವುಜಿ" ಎಂದೆ. "ಪಕ್ಕಕ್ಕ ಸರೀರಿ, ನೋಡ್ಲಿ."

ಅವನು ಸರಿದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ.