ಪಟ್ಟೆ ಬಾವುಟದ ರೈಟರು

ಸಿದ್ದಾಪುರದ ಹತ್ತಿರ ನಾನು ಕೆಲಸಕ್ಕಿದ್ದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರು ಮೊದಲು ನೌಕಾಪಡೆಯಲ್ಲಿ ಬಾವುಟದ ಸಂಕೇತ ಕೊಡುವ ಕೆಲಸದಲ್ಲಿದ್ದವರು. ಹಳ್ಳದ ಕಡೆ ಫೋನು ಸಿಗುತ್ತಿರಲಿಲ್ಲ. ತೋಟಕ್ಕೆ ಆನೆ ಬಂದರೆ ಅವರು ಕಣದ ಕಂಬಕ್ಕೆ ಕೆಂಪು ಬಿಳಿ ನಾಲ್ಕು ಚೌಕದ ಬಾವುಟ ಏರಿಸುತ್ತಿದ್ದರು. ಸಮುದ್ರದಲ್ಲಿ ಅದರ ಅರ್ಥ, 'ನೀವು ಅಪಾಯದ ಕಡೆ ಹೋಗುತ್ತಿದ್ದೀರಿ.' ಅದು ಕಂಡರೆ ಯಾರೂ ಇದ್ದಲ್ಲಿಂದ ಕದಲಬಾರದು. ಅಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿನವರು ಬಿದಿರಿನ ಗಳುವಿನಲ್ಲಿ ತಮ್ಮ ಪಟ್ಟೆ ಬಾವುಟ ಏರಿಸಿ ಉತ್ತರ ಕೊಡಬೇಕು. ಅರ್ಧಕ್ಕೇರಿಸಿದರೆ ಕಂಡಿದೆ, ತುದಿಗೇರಿಸಿದರೆ ತಿಳಿದಿದೆ.

"ಕಂಡದ್ದು ಬೇರೆ, ತಿಳಿದದ್ದು ಬೇರೆ ಮಾರಾಯ್ರೆ," ಎನ್ನುತ್ತ ರೈಟರು ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸುವರು. ಒರೆಸಿದಷ್ಟೂ ಅದು ಮಸುಕಾಗುತ್ತಿತ್ತು.

ಒಂದು ಬೆಳಿಗ್ಗೆ ಆನೆ ಬಂದು ಅವರು ಬಾವುಟ ಏರಿಸಿದಾಗ ಹಳ್ಳದ ಕಡೆಯ ಪಟ್ಟೆ ಬಾವುಟ ಅರ್ಧಕ್ಕೇರಿ ಅಲ್ಲೇ ನಿಂತಿತು.

"ನೋಡಿದ್ದಾರಲ್ಲ, ಬಿಡಿ ಸಾರ್," ಎಂದೆ.

ಅವರು ಕೊಡೆ ಹಿಡಿದು ಇಳಿದೇ ಹೋದರು. ಹೆಂಗಸರು ಹೆದರಿ, ಚೀಲ ಬಿಟ್ಟು, ಆನೆ ನಿಂತಿದ್ದ ದಾರಿಯಲ್ಲೇ ಕೂಲಿಯವರ ಲೈನಿನ ಮನೆಗಳಿಗೆ ಹೊರಟಿದ್ದರಂತೆ. ಅವರನ್ನು ತಡೆದು ಕೂರಿಸಿದರು. ಯಾರನ್ನೂ ಬೈಯಲಿಲ್ಲ. ಸ್ವಲ್ಪ ಹೊತ್ತಿಗೆ ಆ ಬಾವುಟ ತುದಿಗೇರಿದ್ದು ಕಣದಿಂದ ನನಗೆ ಕಂಡಿತು.

ಕಳೆದ ವರ್ಷ ಅವರ ಮೆಸೇಜು ಬಂತು: "ಮಡಿಕೇರಿ ಆಸ್ಪತ್ರೆಯಲ್ಲಿದ್ದೇನೆ. ಪುರುಸೊತ್ತಾದ್ರೆ ಬನ್ನಿ."

ನಾನು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದೆ. ಹೋಗೋಣ ಅಂದುಕೊಂಡಿದ್ದ ಭಾನುವಾರಕ್ಕೆ ಮೊದಲೇ ಅವರು ತೀರಿಕೊಂಡರು. ಆ ಹೆಬ್ಬೆರಳು ಈಗಲೂ ಫೋನಿನಲ್ಲಿದೆ, ಅರ್ಧಕ್ಕೇರಿ ನಿಂತ ಹಾಗೆ.